ನಾಲ್ಕಡಿ ರೀಫ್ ಟ್ಯಾಂಕಿಗೆ ಚಿಕ್ಕ ಸ್ಕಿಮ್ಮರೇ ಸಾಕು: ನನ್ನ ಅನುಭವ

ರೀಫ್ ಟ್ಯಾಂಕ್ ಅಂದರೆ ಹವಳ, ಮೀನು ಸಾಕುವ ಉಪ್ಪುನೀರಿನ ಅಕ್ವೇರಿಯಂ. ಅದರ ನೀರಿಗೆ ಗಾಳಿಗುಳ್ಳೆ ಬಿಟ್ಟು, ಕೊಳೆಯನ್ನು ನೊರೆಯಾಗಿ ಕುತ್ತಿಗೆಯ ಮೂಲಕ ಮೇಲಿನ ಕಪ್ಪಿಗೆ ಏರಿಸುವ ಯಂತ್ರವೇ ಸ್ಕಿಮ್ಮರ್. ಟ್ಯಾಂಕಿನ ನೀರಿನ ಎರಡರಷ್ಟು ಲೀಟರ್ ರೇಟಿಂಗ್ ಇರುವ ಸ್ಕಿಮ್ಮರ್ ತಗೊಳ್ಳಿ ಅಂತ ಮುಂಬೈಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕ್ರಾಫರ್ಡ್ ಮಾರ್ಕೆಟ್ಟಿನಲ್ಲೂ ಅದೇ ಮಾತು, ಕುರ್ಲಾದಲ್ಲೂ ಅದೇ ಮಾತು. ನಾನು ಉಲ್ಟಾ ಹೋದೆ. ಡೊಂಬಿವಲಿಯ ನಮ್ಮ ಮನೆಯ ಟ್ಯಾಂಕಿಗೆ ಚಿಕ್ಕದನ್ನೇ ಹಾಕಿ ವರ್ಷದ ಮೇಲಾಯಿತು. ಆಗ ನಕ್ಕವರೇ ಈಗ ಕಪ್ ನೋಡಲು ಬರುತ್ತಾರೆ.

ಟ್ಯಾಂಕ್ 4 ಅಡಿ ಉದ್ದ, ಅಗಲ ಎತ್ತರ ಒಂದೂವರೆ ಅಡಿ. 250 ಲೀಟರ್ ಚಿಲ್ಲರೆ. ಕಲ್ಲು, ಮರಳು ಕಳೆದು ಸಂಪಿನ (ಸ್ಕಿಮ್ಮರ್ ಕೂರುವ, ಟ್ಯಾಂಕಿನ ಕೆಳಗಿನ ಚಿಕ್ಕ ತೊಟ್ಟಿಯ) ನೀರು ಕೂಡಿಸಿದರೂ ಹೆಚ್ಚುಕಮ್ಮಿ ಅಷ್ಟೇ. ಮೀನು ಅಂದರೆ ಒಂದು ಜೋಡಿ ಕ್ಲೌನ್, ಒಂದು ರಾಯಲ್ ಗ್ರಾಮಾ, ಒಂದು ಗೋಬಿ. ಉಳಿದದ್ದು ಝೋವಾ, ಮಶ್ರೂಮ್, ಲೆದರ್ ಎಂಬ ಮೆತ್ತನೆ ಹವಳಗಳು. ಕಲ್ಲು ಹವಳ ವನ್ಯಜೀವಿ ಕಾಯ್ದೆಯ ಷೆಡ್ಯೂಲ್ 1ರಲ್ಲಿದೆ, ಆ ಗೊಡವೆಗೆ ನಾನು ಹೋಗಿಲ್ಲ. ಊಟ ದಿನಕ್ಕೆ ಅರ್ಧ ಕ್ಯೂಬ್ ಮೈಸಿಸ್ (ಹೆಪ್ಪುಗಟ್ಟಿಸಿದ, ಸಿಗಡಿಯಂಥ ಸಣ್ಣ ಜೀವಿ).

ಮೊದಲಿನ ಸ್ಕಿಮ್ಮರ್ ಸೆಕೆಂಡ್ ಹ್ಯಾಂಡ್ ಟ್ಯಾಂಕಿನ ಜೊತೆಗೇ ಬಂದದ್ದು. ಡಬ್ಬದ ಮೇಲೆ 1000 ಲೀಟರ್, ನೊರೆ ಏರುವ ಕುತ್ತಿಗೆ 5 ಇಂಚು ಅಗಲ. ನೊರೆ ಕುತ್ತಿಗೆಯ ಅರ್ಧಕ್ಕೆ ಬರುತ್ತಿತ್ತು, ಅಲ್ಲೇ ಒಡೆದು ಕೂರುತ್ತಿತ್ತು. ಒಳಗೋಡೆಗೆ ಕಂದು ಜಿಡ್ಡು, ಮೇಲೆ ಕಪ್ ಒಣಒಣ. ಸ್ಕಿಮ್ಮರಿನಿಂದ ನೀರು ಹೊರಬಿಡುವ ಗೇಟ್ ವಾಲ್ವ್ ಒಂದು ಕೂದಲಷ್ಟು ಬಿಗಿ ಮಾಡಿದರೆ ರಾತ್ರಿ ಉಕ್ಕಿ ಬರೀ ಬಿಳಿ ನೀರು. ಕಪ್ಪಿನ ಪೈಪನ್ನು ಬಾಲ್ಕನಿ ಮೋರಿಗೆ ಬಿಟ್ಟಿದ್ದೆ. ಒಂದು ರಾತ್ರಿ ಇಪ್ಪತ್ತು ಲೀಟರ್‌ನಷ್ಟು ಉಪ್ಪುನೀರು ಹಾಗೇ ಹೋಯಿತು. ನೀರು ಇಳಿದರೆ ತಾನೇ ತುಂಬಿಸುವ ಆಟೋ ಟಾಪ್ ಆಫ್ ಪಾಪ, ಅಷ್ಟೂ ಜಾಗಕ್ಕೆ ಉಪ್ಪಿಲ್ಲದ ಆರ್‌ಓ ನೀರು ತುಂಬಿಸಿತು. ಸಲಿನಿಟಿ, ಅಂದರೆ ಉಪ್ಪಿನಂಶ, ಸಾವಿರಕ್ಕೆ 35 ಇದ್ದದ್ದು 32. ಝೋವಾಗಳು ವಾರವಿಡೀ ಬಾಯಿ ತೆರೆಯಲಿಲ್ಲ.

ನೊರೆ ನಿಲ್ಲಬೇಕಾದರೆ ನೀರಿನಲ್ಲಿ ಕೊಳೆ ಬೇಕು. ಇಷ್ಟು ಕಮ್ಮಿ ತಿನ್ನುವ ಟ್ಯಾಂಕಿನಲ್ಲಿ 5 ಇಂಚಿನ ಕುತ್ತಿಗೆ ತುಂಬುವಷ್ಟು ಕೊಳೆ ಎಲ್ಲಿಂದ ಬರಬೇಕು? ಪರೀಕ್ಷೆಗೆ ಅಂತ ಪ್ಲಂಬಿಂಗ್ ಅಂಗಡಿಯಿಂದ 3 ಇಂಚಿನ ಪಿವಿಸಿ ತುಂಡು ತಂದು ಕುತ್ತಿಗೆಯೊಳಗೆ ಕೂರಿಸಿದೆ. ಖರ್ಚು ನೂರೈವತ್ತು ಇರಬೇಕು. ನೊರೆ ಏರಿತು! ಆದರೆ ಪಂಪ್ ಎಳೆಯುವ ಅಷ್ಟೂ ಗಾಳಿಗೆ ದಾರಿ ಸಾಲದೆ ಗುಳುಗುಳು ಎಂದು ಉಗುಳತೊಡಗಿತು. ಕುತ್ತಿಗೆಯ ಜೊತೆ ಗಾಳಿಯೂ ಕಮ್ಮಿಯಾಗಬೇಕು ಅಂತ ಅಲ್ಲೇ ಗೊತ್ತಾಯಿತು.

ದೊಡ್ಡದನ್ನು 18 ಸಾವಿರಕ್ಕೆ ಮಾರಿದೆ. 300 ಲೀಟರ್ ರೇಟಿಂಗಿನ, 3 ಇಂಚು ಕುತ್ತಿಗೆಯ ಡಿಸಿ ಪಂಪಿನದು 13-14 ಸಾವಿರಕ್ಕೆ ಬಂತು. ಕೈಯಲ್ಲೇ ದುಡ್ಡು ಉಳಿಯಿತು. ಮೊದಲಿನದು 40 ವ್ಯಾಟ್ ತಿನ್ನುತ್ತಿತ್ತು, ಇದು 14. ತಿಂಗಳಿಗೆ ಇಪ್ಪತ್ತು ಯೂನಿಟ್‌ಗೆ ಸ್ವಲ್ಪ ಕಮ್ಮಿ ಉಳಿತಾಯ.

ಮೊದಲ ವಾರ, ಹತ್ತು ದಿನ ಏನೂ ಇಲ್ಲ. ಮುಲುಂಡಿನ ಗೆಳೆಯ "ಹೇಳಿದ್ನಲ್ಲ ಮಾರಾಯ" ಅಂತ ಫೋನ್ ಮಾಡಿದ. ಹೊಸ ಅಕ್ರಿಲಿಕ್ ಪಳಗುವವರೆಗೆ ಹಾಗೇ ಅಲ್ವಾ, ಸುಮ್ನಿದ್ದೆ. ಆಮೇಲೆ ಸಂಪಿನ ನೀರನ್ನು 7 ಇಂಚಿನ ಆಸುಪಾಸಿನಲ್ಲಿ ನಿಲ್ಲಿಸಿದೆ. ಅರ್ಧ ಇಂಚು ಆಚೀಚೆ ಆದರೂ ನೊರೆಯ ಮಟ್ಟ ಬದಲಾಗುತ್ತದೆ, ಕೆಳಗೆ ಅಕ್ರಿಲಿಕ್ ಚೂರು ಇಟ್ಟು ಸರಿಮಾಡಿದೆ.  ಈಗ ಮೂರ್ನಾಲ್ಕು ದಿನಕ್ಕೆ ಕಪ್ಪಿನಲ್ಲಿ ಗಟ್ಟಿ ಡಿಕಾಕ್ಷನ್ನಿನಂಥ ನೀರು, ಮೂಗು ಮುಚ್ಚುವಂಥ ವಾಸನೆ. ಕೊಳೆಯಿಂದ ನೀರಿಗೆ ಸೇರುವ ನೈಟ್ರೇಟ್ 25-30ರಿಂದ 10ರೊಳಗೆ ಬಂದಿದೆ.

ನಡುವೆ ಇನ್ನೊಂದು ಪ್ರಯೋಗ. ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಕೂತರೆ ಮನೆಯೊಳಗಿನ ಕಾರ್ಬನ್ ಡೈಆಕ್ಸೈಡ್‌ಗೆ ಪಿಎಚ್ 7.8ಕ್ಕೆ ಇಳಿಯುತ್ತಿತ್ತು. ಸ್ಕಿಮ್ಮರಿನ ಗಾಳಿ ಪೈಪನ್ನು ಗ್ರಿಲ್ಲಿನಾಚೆ ಬಿಟ್ಟೆ, 8.1ಕ್ಕೆ ಬಂತು. ಸೊಳ್ಳೆಗೆ ಹೊಗೆ ಹಾಕುವವರು ಬಂದ ದಿನ ಮಾತ್ರ ಓಡಿಹೋಗಿ ಪೈಪ್ ಒಳಗೆ ಎಳೆದುಕೊಳ್ಳಬೇಕು.

ನನ್ನ ಹಳೆಯ ದೊಡ್ಡದು ಈಗ ಪುಣೆಯಲ್ಲಿ, ಆರಡಿ ಟ್ಯಾಂಕಿನ ಕೆಳಗಿದೆ. ಅಲ್ಲಿ ದೊಡ್ಡ ಮೀನುಗಳಾದ ಟ್ಯಾಂಗ್‌ಗಳಿವೆ, ದಿನಕ್ಕೆ ಐದಾರು ಕ್ಯೂಬ್ ಬೀಳುತ್ತದೆ. ಎರಡು ದಿನಕ್ಕೊಮ್ಮೆ ಕಪ್ ತುಂಬುತ್ತದಂತೆ. ನೀವೂ ಹಾಗೆ ಧಾರಾಳವಾಗಿ ಹಾಕುವವರಾದರೆ ನನ್ನ ಸೈಜ್ ಸಾಲದು. ಅಂಗಡಿಗೆ ಹೋದಾಗ ಲೀಟರ್ ಬಿಡಿ, ಕುತ್ತಿಗೆ ಎಷ್ಟು ಇಂಚು, ಗಂಟೆಗೆ ಗಾಳಿ ಎಷ್ಟು ಎಳೆಯುತ್ತದೆ ಅಂತ ಕೇಳಿ.