ಗುರುತಿನ ಕಳ್ಳತನ ತಡೆಯಲು ದುಡ್ಡು ಕೊಡಬೇಕಾ?

ನಿಮ್ಮ ಗುರುತು ಕಳುವಾಗದಂತೆ, ಅಂದರೆ ನಿಮ್ಮ ಹೆಸರು, ವಿವರ ಬಳಸಿ ಬೇರೆಯವರು ಮೋಸ ಮಾಡದಂತೆ ಕಾಪಾಡುತ್ತೇವೆ ಅಂತ ತಿಂಗಳು ತಿಂಗಳು ದುಡ್ಡು ತಗೊಳ್ಳುವ ಸೇವೆಗಳಿವೆಯಲ್ಲ, ಅದಕ್ಕೆ ಸೇರುವ ಮೊದಲು ಇದನ್ನು ಓದಿ. ಅವು ಹೆಚ್ಚಾಗಿ ಕಳ್ಳತನವನ್ನು ತಡೆಯುವುದಿಲ್ಲ. ನಿಮ್ಮ ಹೆಸರಲ್ಲಿ ಯಾರೋ ಸಾಲ ಕೇಳಿದ ಮೇಲೆ, ಇಲ್ಲವೇ ನಿಮ್ಮ ಮಾಹಿತಿ ಎಲ್ಲೋ ಸೋರಿದ ಮೇಲೆ ತಿಳಿಸುತ್ತವೆ.

ಮೊದಲು ಇಮೇಲ್ ಭದ್ರ ಮಾಡಿ. ಬೇರೆ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಅಲ್ಲಿಗೇ ಅಲ್ವಾ, ಅದು ಕೈತಪ್ಪಿದರೆ ಉಳಿದವೂ ಹೋದ ಹಾಗೆ. ಪ್ರತಿ ಖಾತೆಗೂ ಬೇರೆ ಪಾಸ್‌ವರ್ಡ್ ಇಡಿ, ನೆನಪಿಡುವ ಕೆಲಸ ಪಾಸ್‌ವರ್ಡ್ ಮ್ಯಾನೇಜರ್‌ಗೆ ಬಿಡಿ. ಪಾಸ್‌ವರ್ಡ್ ಜೊತೆಗೆ ಒಂದು ಕೋಡ್ ಕೂಡ ಕೇಳುವ ಎರಡು ಹಂತದ ಲಾಗಿನ್ ಹಾಕಿ. ಸಾಧ್ಯವಾದರೆ ಎಸ್‌ಎಂಎಸ್ ಬದಲು ಆ್ಯಪ್‌ನಲ್ಲಿ ಬರುವ ಕೋಡ್ ಬಳಸಿ, ಯಾಕಂದ್ರೆ ನಿಮ್ಮ ನಂಬರಿಗೆ ಬೇರೆ ಸಿಮ್ ತೆಗೆಸಿ ಮೋಸ ಮಾಡುವವರೂ ಇದ್ದಾರೆ. ಓಟಿಪಿ ಯಾರಿಗೂ ಹೇಳಬೇಡಿ.

ನಾವು ಎಷ್ಟೇ ಜಾಗ್ರತೆ ಮಾಡಿದರೂ ಮಾಹಿತಿ ಬೇರೆಯವರ ಕೈಯಿಂದ ಸೋರಬಹುದು. 2017ರಲ್ಲಿ ಜನರ ಸಾಲದ ದಾಖಲೆ ಇಡುವ ಅಮೆರಿಕದ ಇಕ್ವಿಫ್ಯಾಕ್ಸ್ ಕಂಪನಿಯಿಂದ ಸುಮಾರು 14.7 ಕೋಟಿ ಜನರ ವಿವರ ಹೋಯಿತು. ಮರುವರ್ಷ ಅಲ್ಲಿ ಕ್ರೆಡಿಟ್ ಫ್ರೀಜ್ ಎಲ್ಲರಿಗೂ ಉಚಿತವಾಯಿತು. ಫ್ರೀಜ್ ಹಾಕಿದರೆ ಹೊಸದಾಗಿ ಸಾಲ ಕೊಡುವವರಿಗೆ ನಿಮ್ಮ ಕ್ರೆಡಿಟ್ ವರದಿ (ಸಾಲ, ಮರುಪಾವತಿಯ ದಾಖಲೆ) ಸಿಗುವುದಿಲ್ಲ, ಹಾಗಾಗಿ ಕಳ್ಳನಿಗೆ ಸಾಲವೂ ಹುಟ್ಟುವುದು ಕಷ್ಟ. ಈ ಸೌಲಭ್ಯ ಇದ್ದರೆ ತಪ್ಪದೇ ಹಾಕಿಸಿ, ಇಲ್ಲದಿದ್ದರೆ ವರದಿಯನ್ನು ಆಗಾಗ ತೆಗೆದು ನೋಡಿ.

ಒಮ್ಮೆ ಮೋಸ ಹೋಗಿದ್ದು, ಕಾಗದಪತ್ರ ಹಿಡಿದು ಓಡಾಡಲು ಆಗದವರಿಗೆ ದುಡ್ಡಿನ ಸೇವೆ ನೆರವಾಗಬಹುದು. ಆದರೆ ಜಾಹೀರಾತಿನ ದೊಡ್ಡ ವಿಮೆ ಮೊತ್ತ ನೋಡಿ ಸುಮ್ನೆ ಸೇರಬೇಡಿ. ಕಳೆದುಹೋದ ಹಣ ಕೊಡುತ್ತಾರಾ, ಬರೀ ಅದನ್ನು ಸರಿಪಡಿಸಲು ಆದ ಖರ್ಚು ಕೊಡುತ್ತಾರಾ ಅಂತ ಷರತ್ತಿನಲ್ಲಿ ಹುಡುಕಿ.