ಅದೇ ದಿನ, ಅದೇ ಕಾರಿಡಾರಿನಲ್ಲಿ: ಗ್ರಾಮೀಣ ಕ್ಲಿನಿಕ್‌ನಲ್ಲಿ ಮಾಜಿ ಸೈನಿಕರ ಮಾನಸಿಕ ಚಿಕಿತ್ಸೆ

ಮೂವರು ವೈದ್ಯರು, ರೋಗಿಗಳ ಚಿಕಿತ್ಸೆಯನ್ನು ಬೆನ್ನುಹತ್ತಿ ನೋಡಿಕೊಳ್ಳುವ ಒಬ್ಬ ಕೇರ್ ಮ್ಯಾನೇಜರ್, ವಾರಕ್ಕೊಂದು ಗಂಟೆ ವಿಡಿಯೋದಲ್ಲಿ ಸಿಗುವ ಮನೋವೈದ್ಯರು. ಇಷ್ಟೇ ಬಲ ಇಟ್ಟುಕೊಂಡು ಅಮೆರಿಕದ ಗ್ರಾಮೀಣ ಕ್ಲಿನಿಕ್ಕೊಂದರಲ್ಲಿ ಮಾಜಿ ಸೈನಿಕರ ಖಿನ್ನತೆ, ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ), ಕುಡಿತ ಎಲ್ಲವನ್ನೂ ನೋಡಲು ಹೊರಟಾಗ, "ಅವರು ಬಾಯಿ ಬಿಡುವುದಿಲ್ಲ, ಸುಮ್ಮನೆ ವಿಎಗೆ ಕಳಿಸಿ" ಅಂದವರೇ ಹೆಚ್ಚು. (ವಿಎ ಅಂದರೆ ಮಾಜಿ ಸೈನಿಕರ ಸರ್ಕಾರಿ ಇಲಾಖೆ.) ಈಗ ನಮ್ಮ ರಿಜಿಸ್ಟ್ರಿಯಲ್ಲಿ, ಅಂದರೆ ಚಿಕಿತ್ಸೆಯಲ್ಲಿರುವವರ ಪಟ್ಟಿಯಲ್ಲಿ, ಸದಾ ಅರವತ್ತರ ಆಸುಪಾಸು ಜನ ಇರುತ್ತಾರೆ. ಬಾಯಿ ಬಿಡುತ್ತಾರೆ. ಕೇಳುವ ರೀತಿ, ಕೇಳುವ ಜಾಗ ಎರಡೂ ತಪ್ಪಿದ್ದವು.

ಮೊದಲ ತಪ್ಪು ಫಾರ್ಮಿನಲ್ಲೇ ಇತ್ತು. "ನೀವು ವೆಟರನ್ನಾ?" ಅಂತ ಕೇಳಿದರೆ ಯುದ್ಧಭೂಮಿಗೆ ಹೋಗದವರು, ನ್ಯಾಷನಲ್ ಗಾರ್ಡ್ ಎಂಬ ಮೀಸಲು ಪಡೆಯವರು, ಎಷ್ಟೋ ಹೆಂಗಸರು "ಅಲ್ಲ" ಅಂತ ಗುರುತು ಹಾಕುತ್ತಾರೆ. "ಯಾವಾಗಲಾದರೂ ಸೈನ್ಯದಲ್ಲಿ ಸೇವೆ ಮಾಡಿದ್ದೀರಾ?" ಅಂತ ಬದಲಿಸಿದೆವು. ಪಟ್ಟಿ ಹೆಚ್ಚುಕಡಿಮೆ ಒಂದೂವರೆ ಪಟ್ಟಾಯಿತು.

ಎರಡನೆಯದು ರೆಫರಲ್ ಚೀಟಿ. ಹತ್ತು ಜನಕ್ಕೆ ಬರೆದುಕೊಟ್ಟರೆ ಮೂವರು ಹೋಗಿ ತೋರಿಸಿಕೊಂಡಿದ್ದರೆ ದೊಡ್ಡದು. ಆಮೇಲೆ ನಮ್ಮಲ್ಲೇ ಒಂದು ಕೋಣೆ ಬಿಡಿಸಿ, ಬಾಗಿಲಿಗೆ ಮಾನಸಿಕ ಚಿಕಿತ್ಸೆಯ ಫಲಕ ಹಾಕಿ ಕೂತೆವು. ಅದು ಇನ್ನೂ ಕೆಟ್ಟ ತೀರ್ಮಾನ. ಎಲ್ಲರಿಗೂ ಎಲ್ಲರ ಟ್ರಕ್ಕಿನ ಗುರುತಿರುವ ಊರಿನಲ್ಲಿ ಆ ಬಾಗಿಲು ತೆರೆಯಲು ಯಾರೂ ತಯಾರಿರಲಿಲ್ಲ. ಫಲಕ ಕಿತ್ತು, ಕೇರ್ ಮ್ಯಾನೇಜರ್ ಅವರನ್ನು ಪರೀಕ್ಷಾ ಕೋಣೆಗಳ ಸಾಲಿಗೇ ತಂದ ಮೇಲೆ ಕೆಲಸ ಶುರುವಾಯಿತು.

ಈಗಿನ ಕ್ರಮ ಹೀಗೆ. ನರ್ಸ್ ಬಿಪಿ ನೋಡುವಾಗಲೇ ಪಿಎಚ್‌ಕ್ಯೂ-2 (ಖಿನ್ನತೆಗೆ), ಪಿಸಿ-ಪಿಟಿಎಸ್‌ಡಿ-5 (ಪಿಟಿಎಸ್‌ಡಿಗೆ), ಆಡಿಟ್-ಸಿ (ಕುಡಿತಕ್ಕೆ) ಎಂಬ ಪುಟ್ಟ ಪ್ರಶ್ನಾವಳಿ ಮೂರನ್ನೂ ಕಾಗದದಲ್ಲಿ ಮುಗಿಸುತ್ತಾರೆ. ಟ್ಯಾಬ್ಲೆಟ್ ಪ್ರಯತ್ನಿಸಿ ಬಿಟ್ಟೆವು. ಕನ್ನಡಕ ಮರೆತು ಬಂದವರು ಸಿಕ್ಕಲ್ಲಿ ಒತ್ತುತ್ತಿದ್ದರು. ಪಿಟಿಎಸ್‌ಡಿ ಪ್ರಶ್ನೆಗಳಲ್ಲಿ ನಾಲ್ಕಕ್ಕೆ "ಹೌದು" ಬಂದರೆ ಪಿಸಿಎಲ್-5 ಎಂಬ ದೊಡ್ಡ ಪ್ರಶ್ನಾವಳಿ. ವೈದ್ಯರು ಎರಡೇ ನಿಮಿಷದಲ್ಲಿ ವಿಷಯ ಹೇಳಿ, ತಾವೇ ಎದ್ದು ಹೋಗಿ ಕೇರ್ ಮ್ಯಾನೇಜರ್ ಅವರನ್ನು ಅದೇ ಕೋಣೆಗೆ ಕರೆತರುತ್ತಾರೆ. ರೋಗಿ ಕುರ್ಚಿಯಿಂದ ಏಳುವುದಿಲ್ಲ. ಮೊದಲ ಭೇಟಿ ಇಪ್ಪತ್ತು ನಿಮಿಷ, ಮೊದಲ ಪ್ರಶ್ನೆ ನಿದ್ದೆಯದು. ಯುದ್ಧದ ಬಗ್ಗೆ ಅಂದು ಒಂದು ಮಾತೂ ಕೇಳುವುದಿಲ್ಲ. ಕರೆತರುವಾಗ ವೈದ್ಯರು ಹೇಳುವ ಪರಿಚಯದ ವಾಕ್ಯವನ್ನು ಹತ್ತಾರು ಸಲ ತಿದ್ದಿದ್ದೇವೆ. ಅದನ್ನು ಮಾತ್ರ ನಮ್ಮಲ್ಲಿ ಬಂದು ಒಂದು ದಿನ ಕೂತವರಿಗೆ ಹೇಳಿಕೊಡುತ್ತೇವೆ.

ದುಡ್ಡಿನಲ್ಲಿ ಪೆಟ್ಟು ತಿಂದದ್ದು ನಿಮಿಷಗಳ ಲೆಕ್ಕದಲ್ಲಿ. ಮೆಡಿಕೇರ್ (ಮುಖ್ಯವಾಗಿ ಹಿರಿಯರ ಸರ್ಕಾರಿ ವಿಮೆ) ಇರುವವರಿಗೆ ಈ ಸೇವೆಯ ಬಿಲ್ಲಿಗೆ ಜಿ0512 ಕೋಡ್ ಹಾಕುತ್ತಿದ್ದ ಕಾಲದಲ್ಲಿ ಮೊದಲ ತಿಂಗಳು 70 ನಿಮಿಷ, ಆಮೇಲೆ ತಿಂಗಳಿಗೆ 60 ನಿಮಿಷ ಪೂರ್ತಿ ಆಗಲೇಬೇಕಿತ್ತು. 58 ಆದರೆ ಸೊನ್ನೆ. ಒಬ್ಬರಿಗೆ ತಿಂಗಳಿಗೆ ಸುಮಾರು 145 ಡಾಲರ್ ಬರುತ್ತಿತ್ತು. ಮೊದಲ ಆರು ತಿಂಗಳು ಫೋನ್ ಕರೆ, ಮನೋವೈದ್ಯರ ಜೊತೆಗಿನ ಚರ್ಚೆ, ರಿಜಿಸ್ಟ್ರಿ ತುಂಬಿದ ಹೊತ್ತು ಯಾವುದನ್ನೂ ಬರೆದಿಡದೆ, ಬರಬೇಕಾದ್ದರಲ್ಲಿ ಅರ್ಧದಷ್ಟು ಕಳೆದುಕೊಂಡೆವು. ಈಗ ಪ್ರತಿ ಹೆಸರಿನ ಮುಂದೆ ನಿಮಿಷದ ಕಾಲಮ್ ಇದೆ, 20ನೇ ತಾರೀಕಿಗೆ ಕಡಿಮೆ ಇರುವವರಿಗೆ ಕರೆ ಹೋಗುತ್ತದೆ. 2026ರಿಂದ ಗ್ರಾಮೀಣ ಕ್ಲಿನಿಕ್‌ಗಳೂ ಉಳಿದವರು ಬಳಸುವ 99492, 99493 ಬಿಲ್ ಕೋಡ್‌ಗಳಿಗೆ ಬಂದಿವೆ, ಆದರೂ ಕಾಲಮ್ ತೆಗೆದಿಲ್ಲ. ಸಹಪಾವತಿಯ, ಅಂದರೆ ರೋಗಿಯೇ ಕೊಡಬೇಕಾದ ಪಾಲಿನ, ವಿಷಯ ಮೊದಲೇ ಹೇಳಿ ಒಪ್ಪಿಗೆ ಬರೆದಿಡಿ. ಬಿಲ್ ನೋಡಿ ಸಿಟ್ಟಾಗಿ ಹೋದವರು ಮರಳುವುದಿಲ್ಲ.

ಔಷಧದಲ್ಲಿ ಒಂದೇ ಮಾತು ಒತ್ತಿ ಹೇಳಬೇಕು: ದುಃಸ್ವಪ್ನಕ್ಕೆ ಪ್ರಜೋಸಿನ್. ಮಲಗುವಾಗ 1 ಮಿಲಿಗ್ರಾಂನಿಂದ ಶುರು. ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವವರು ನಮ್ಮಲ್ಲಿ ಬಹಳ; ಎರಡೂ ಸೇರಿದರೆ ರಾತ್ರಿ ಮೂತ್ರಕ್ಕೆ ಎದ್ದಾಗ ಬಿಪಿ ಕುಸಿದು ಬೀಳುತ್ತಾರೆ. ನಾಲ್ಕೈದು ದಿನ ಮಾತ್ರೆ ತಪ್ಪಿಸಿದವರು ಹಳೆಯ ಡೋಸಿಗೆ ನೇರ ಮರಳಬಾರದು, ಮತ್ತೆ 1ರಿಂದಲೇ. ನಿಂತಾಗಿನ ಬಿಪಿ ನೋಡದೆ ಡೋಸ್ ಏರಿಸುವುದನ್ನು ನಿಲ್ಲಿಸಿದ್ದೇವೆ. ಆತಂಕ, ನಿದ್ದೆಗೆಂದು ಕೊಡುವ ಬೆಂಜೋಡಯಾಜಪೀನ್ ಮಾತ್ರೆಗಳ ಹಳೆಯ ಚೀಟಿಗಳನ್ನು ಪಿಟಿಎಸ್‌ಡಿಗೆ ಮುಂದುವರಿಸುವುದಿಲ್ಲ, ನಿಧಾನವಾಗಿ ಇಳಿಸುತ್ತೇವೆ. ಎಂಟು ಹತ್ತು ವಾರ ಕಳೆದರೂ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಐದು ಅಂಕ ಇಳಿಯದಿದ್ದರೆ ಆ ಹೆಸರು ರಿಜಿಸ್ಟ್ರಿಯಲ್ಲಿ ಕೆಂಪಾಗುತ್ತದೆ. ಮನೋವೈದ್ಯರ ಆ ಒಂದು ಗಂಟೆ ಕೆಂಪು ಹೆಸರುಗಳಿಗೇ ಮೀಸಲು.

ಫೋನ್ ಫಾಲೋಅಪ್ ಯಾಕೆ ಕೈಕೊಡುತ್ತಿದೆ ಅಂತ ತಿಳಿಯಲು ತಿಂಗಳುಗಳೇ ಹಿಡಿದವು. ಹಲವರಿಗೆ ಗುಂಡು, ಇಂಜಿನ್ ಸದ್ದಿನಿಂದ ಕಿವಿ ಮಂದ, ಒಳಗೆ ಗುಂಯ್ ಅನ್ನುವ ಶಬ್ದ. ಕೇಳಿಸದಿದ್ದರೂ "ಸರಿ ಸರಿ" ಅಂದು ಇಡುತ್ತಿದ್ದರು. ಪ್ರಶ್ನಾವಳಿಯನ್ನು ಮೊದಲೇ ಅಂಚೆಯಲ್ಲಿ ಕಳಿಸಿ, ಅದನ್ನು ಕೈಯಲ್ಲಿ ಹಿಡಿದ ಮೇಲೆ ಕರೆ ಮಾಡಿದರೆ ಉತ್ತರಗಳೇ ಬೇರೆ.

ನಡುವೆ ಸಕ್ಕರೆ ಕಾಯಿಲೆಯ ಗುಂಪು ಭೇಟಿಗೆ ನಿದ್ದೆಯ ತರಬೇತಿ ಸೇರಿಸಿ ನೋಡಿದೆವು. ಎಂಟು ಜನರಲ್ಲಿ ಆರು ಮಂದಿ ಕೊನೆತನಕ ಬಂದರು. ಮಲಗುವ, ಏಳುವ ಹೊತ್ತನ್ನು ಬಿಗಿ ಮಾಡಿದ್ದೇ ಹೆಚ್ಚು ಫಲ ಕೊಟ್ಟಿತು. ಗೊರಕೆಯವರನ್ನು ಮೊದಲು ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ಬರುವ ತೊಂದರೆ) ಪರೀಕ್ಷೆಗೆ ಕಳಿಸಬೇಕಿತ್ತು. ಅದನ್ನು ಮರೆತು ಇಬ್ಬರ ಮೂರು ತಿಂಗಳು ಹಾಳು ಮಾಡಿದೆವು.

ಬಂದೂಕಿನ ಮಾತು ಬಿಡಬೇಡಿ. ಮಾಜಿ ಸೈನಿಕರ ಆತ್ಮಹತ್ಯೆಗಳಲ್ಲಿ ಹತ್ತಕ್ಕೆ ಏಳು ಬಂದೂಕಿನಿಂದ. "ಕೊಟ್ಟುಬಿಡಿ" ಅಂದರೆ ಎದ್ದು ಹೋಗುತ್ತಾರೆ. "ಮನೆಗೆ ಮೊಮ್ಮಕ್ಕಳು ಬಂದಾಗ ಎಲ್ಲಿಡುತ್ತೀರಿ?" ಅಂದರೆ ಕೂತು ಹೇಳುತ್ತಾರೆ. ವಿಎ ಉಚಿತವಾಗಿ ಕೊಡುವ ಕೇಬಲ್ ಬೀಗ ಪ್ರತಿ ಕೋಣೆಯ ಡ್ರಾಯರಿನಲ್ಲಿದೆ. ಕೇಳಿದ ತಕ್ಷಣ ಕೈಗೆ ಕೊಡಬೇಕು, ನಾಳೆ ಅನ್ನಬಾರದು. ಆತ್ಮಹತ್ಯೆ ತಡೆಯ ಸಹಾಯವಾಣಿಗೆ 988 ಒತ್ತಿ, ಆಮೇಲೆ ಮಾಜಿ ಸೈನಿಕರ ಸಾಲಿಗೆ 1 ಒತ್ತುವುದನ್ನು ಅವರ ಫೋನಿನಲ್ಲೇ ಉಳಿಸಿಕೊಡುತ್ತೇವೆ. 2023ರ ಜನವರಿಯಿಂದ ಆತ್ಮಹತ್ಯೆಯ ತುರ್ತಿನಲ್ಲಿರುವ ಅರ್ಹ ಮಾಜಿ ಸೈನಿಕರಿಗೆ, ವಿಎಯಲ್ಲಿ ಹೆಸರು ನೋಂದಾಯಿಸದಿದ್ದರೂ, ಯಾವ ಆಸ್ಪತ್ರೆಯಲ್ಲಾದರೂ ತುರ್ತು ಚಿಕಿತ್ಸೆಯ ಖರ್ಚನ್ನು ವಿಎ ಭರಿಸುತ್ತದೆ. ಆ ಹಾಳೆ ನಮ್ಮ ಮುಂಭಾಗದ ಮೇಜಿನ ಗಾಜಿನ ಕೆಳಗಿದೆ, ರಾತ್ರಿ ಪಾಳಿಯ ಆಂಬುಲೆನ್ಸ್‌ನವರಿಗೂ ಒಂದೊಂದು ಪ್ರತಿ ಕೊಟ್ಟಿದ್ದೇವೆ.