ಹಾಸಿಗೆ ಹಿಡಿದವರ ಮೂಳೆ ಕಾಪಾಡುವುದು ಹೇಗೆ?

ನಾನು ಫಿಸಿಯೋಥೆರಪಿಸ್ಟ್. ಮನೆಗಳಿಗೇ ಹೋಗಿ ವ್ಯಾಯಾಮ ಮಾಡಿಸುತ್ತೇನೆ. ಒಳಗೆ ಕಾಲಿಟ್ಟ ಕೂಡಲೇ ಮನೆಯವರು ತೋರಿಸುವುದು ಕ್ಯಾಲ್ಸಿಯಂ ಮಾತ್ರೆಯ ಡಬ್ಬಿಯನ್ನು. ನನ್ನ ಪ್ರಶ್ನೆಯೇ ಬೇರೆ: "ಇವರ ಪಾದ ನೆಲ ಮುಟ್ಟಿ ಎಷ್ಟು ದಿನವಾಯಿತು?"

ಹಳೆಯ ಮೂಳೆಯನ್ನು ಕರಗಿಸುವ ಜೀವಕೋಶಗಳು, ಹೊಸದನ್ನು ಕಟ್ಟುವ ಜೀವಕೋಶಗಳು ಎರಡೂ ಜೀವನಪೂರ್ತಿ ದುಡಿಯುತ್ತಲೇ ಇರುತ್ತವೆ. ಎಲ್ಲಿ ಎಷ್ಟು ಕಟ್ಟಬೇಕೆಂಬ ಸೂಚನೆ ಬಹುಪಾಲು ಸಿಗುವುದು ಮೈಭಾರದಿಂದ, ಸ್ನಾಯುಗಳ ಸೆಳೆತದಿಂದ. ಮಲಗಿಬಿಟ್ಟರೆ ಆ ಸೂಚನೆ ನಿಂತು, ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚಾಗುತ್ತದೆ. ಕೆಲವೇ ದಿನಗಳಲ್ಲಿ ಮೂತ್ರದಲ್ಲಿ ಕ್ಯಾಲ್ಸಿಯಂ ಏರತೊಡಗುತ್ತದೆ. ಆರೋಗ್ಯವಂತರನ್ನು 17 ವಾರ ಮಲಗಿಸಿ ನೋಡಿದ ಒಂದು ಅಧ್ಯಯನದಲ್ಲಿ ಹಿಮ್ಮಡಿಯ ಮೂಳೆ ಸುಮಾರು ಶೇ. 10ರಷ್ಟು, ಕೆಳಬೆನ್ನು ಮತ್ತು ತೊಡೆಮೂಳೆಯ ಕತ್ತು (ಸೊಂಟದ ಕೀಲಿನ ಬಳಿಯ ಭಾಗ) ಶೇ. 4ರ ಆಸುಪಾಸು ಸಾಂದ್ರತೆ ಕಳೆದುಕೊಂಡವು. ಮುಂಗೈ ಮೂಳೆಗೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಭಾರ ಹೊರುತ್ತಿದ್ದ ಮೂಳೆಗಳಿಗೇ ಪೆಟ್ಟು.

ಹಾಗಾಗಿ ಮೊದಲ ಕೆಲಸ ವೈದ್ಯರನ್ನು ಸರಿಯಾಗಿ ಕೇಳುವುದು. "ರೆಸ್ಟ್ ಮಾಡಲಿ" ಎಂಬ ಮಾತನ್ನು ಮನೆಯವರು "ಅಲುಗಾಡಬಾರದು" ಎಂದು ಅರ್ಥ ಮಾಡಿಕೊಂಡಿರುತ್ತಾರೆ. ಯಾವ ಕಾಲಿನ ಮೇಲೆ, ಎಷ್ಟು ಭಾರ, ಯಾವತ್ತಿನಿಂದ? ಈ ಮೂರಕ್ಕೂ ಉತ್ತರ ಬರೆಸಿಕೊಳ್ಳಿ.

ನಿಲ್ಲಲು ಅನುಮತಿ ಸಿಗುವವರೆಗೆ ಮಂಚದ ಮೇಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಮಂಡಿಯನ್ನು ಹಾಸಿಗೆಗೆ ಒತ್ತಿ ತೊಡೆ ಬಿಗಿ ಹಿಡಿಯುವುದು, ವೈದ್ಯರು ಬೇಡವೆನ್ನದಿದ್ದರೆ ಮಂಡಿ ಮಡಚಿ ಸೊಂಟ ಎತ್ತುವುದು. ಇವು ಸ್ನಾಯುವನ್ನು ಉಳಿಸುತ್ತವೆ. ಮೂಳೆಗೆ ಮಾತ್ರ ಇಷ್ಟು ಸಾಲದು. ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ವೈದ್ಯರಿಗೆ ತಿಳಿಸಿ.

ಇನ್ನು ನಿಲ್ಲಿಸುವುದು. ನನ್ನ ಹೆಚ್ಚಿನ ಸಮಯ ಹೋಗುವುದು ಇಲ್ಲೇ. ಬಹಳ ದಿನ ಮಲಗಿದ್ದವರನ್ನು ಏಕಾಏಕಿ ಎಬ್ಬಿಸಿದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಡುತ್ತದೆ. ಮೊದಲು ತಲೆಯ ಕಡೆ ಎತ್ತರಿಸಿ, ಸ್ವಲ್ಪ ಹೊತ್ತು ಬಿಟ್ಟು ಮಂಚದ ಅಂಚಿನಲ್ಲಿ ಕೂರಿಸಿ. ಪಾದ ಜೋತಾಡದೆ ನೆಲಕ್ಕೆ ಪೂರ್ತಿ ಊರಿರಲಿ. ತಲೆ ಸುತ್ತದಿದ್ದರೆ ಮುಂದಕ್ಕೆ ಬಾಗಿಸಿ, ಮಂಚಕ್ಕೆ ಕೈ ಒತ್ತಿ ಏಳಲು ಹೇಳಿ. ವಾಕರ್ ಹಿಡಿದು ಎಳೆದುಕೊಂಡು ಏಳುವುದು ಬೇಡ, ಅದು ಮಗುಚುತ್ತದೆ. ಶಕ್ತಿ ಕುಂದಿದ ಕಡೆ ನೀವು ನಿಲ್ಲಿ. ಸಾಕ್ಸ್ ಮಾತ್ರ ಹಾಕಿ ನಿಲ್ಲಿಸಬೇಡಿ. ಜಾರದ ಪಾದರಕ್ಷೆ ಬೇಕು. ಆರಂಭದಲ್ಲಿ ಒಂದೆರಡು ನಿಮಿಷ ನಿಂತರೂ ಸರಿ, ದಿನಕ್ಕೆ ಹಲವು ಸಲ ಆಗಲಿ. ಒಮ್ಮೆಗೇ ಅರ್ಧ ಗಂಟೆ ನಿಲ್ಲಿಸಿ ಸುಸ್ತು ಮಾಡಿಸಿದರೆ ಮರುದಿನ ಅವರು ಏಳಲು ಒಪ್ಪುವುದಿಲ್ಲ. ಸ್ವಂತವಾಗಿ ನಿಲ್ಲಲಾಗದವರಿಗೆ ಟಿಲ್ಟ್ ಟೇಬಲ್ ಇದೆ, ಅಂದರೆ ಪಟ್ಟಿ ಕಟ್ಟಿ ಮಲಗಿಸಿ ನಿಧಾನವಾಗಿ ನೇರಕ್ಕೆ ಎತ್ತುವ ಮೇಜು. ಆಸ್ಪತ್ರೆಯಲ್ಲಿ ವಿಚಾರಿಸಿ.

ಈಗ ಆ ಡಬ್ಬಿಯ ವಿಷಯ. ಪ್ರೋಟೀನ್, ವಿಟಮಿನ್ ಡಿ, ಆಹಾರದಲ್ಲಿನ ಕ್ಯಾಲ್ಸಿಯಂ ಎಲ್ಲ ಬೇಕು ನಿಜ. ಆದರೆ ಮಲಗಿದವರ ರಕ್ತಕ್ಕೆ ಮೂಳೆಯಿಂದಲೇ ಕ್ಯಾಲ್ಸಿಯಂ ಬಂದು ಬೀಳುತ್ತಿರುತ್ತದೆ. ಅದರ ಮೇಲೆ ನಾವಾಗಿಯೇ ಮಾತ್ರೆ ಕೊಟ್ಟರೆ ಮೂತ್ರಪಿಂಡದಲ್ಲಿ ಕಲ್ಲಾಗುವ ಅಪಾಯ ಹೆಚ್ಚಬಹುದು. ಪ್ರಮಾಣವನ್ನು ವೈದ್ಯರೇ ಹೇಳಲಿ. ವಾಂತಿ, ಅತಿಯಾದ ಬಾಯಾರಿಕೆ, ಮಲಬದ್ಧತೆ, ಮಂಕು ಒಟ್ಟಿಗೆ ಕಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿರಬಹುದು, ರಕ್ತ ಪರೀಕ್ಷೆ ಮಾಡಿಸಿ.

ಓಡಾಡತೊಡಗಿದ ಮೇಲೆ ಸ್ನಾಯು ಬೇಗ ಚೇತರಿಸಿಕೊಳ್ಳುತ್ತದೆ, ಮೂಳೆಗೆ ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು. "ಈಗ ಆರಾಮಾಗಿದ್ದೀನಿ" ಎನ್ನುವ ಆ ತಿಂಗಳುಗಳಲ್ಲೇ ಅವರು ಬಿದ್ದಾರೆಂಬ ಭಯ ನನಗೆ ಜಾಸ್ತಿ. ಮುಟ್ಟು ನಿಂತ ಮಹಿಳೆಯರು, ಸ್ಟೆರಾಯ್ಡ್ ತೆಗೆದುಕೊಳ್ಳುವವರು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬಗ್ಗೆ ವೈದ್ಯರನ್ನು ಕೇಳಲಿ. ಅದರಲ್ಲಿ ಬರುವ ಟಿ-ಸ್ಕೋರ್ (ಆರೋಗ್ಯವಂತ ಯುವ ವಯಸ್ಕರ ಮೂಳೆಗೆ ಹೋಲಿಸಿದ ಅಂಕ) -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅದು ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗಿ ಸುಲಭವಾಗಿ ಮುರಿಯುವ ಕಾಯಿಲೆ. ಅದಕ್ಕೆ ಬೇರೆ ಔಷಧಿಗಳಿವೆ.

ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ಪರ್ಶವೇ ಹೋಗಿರುವವರನ್ನು ಹೊರಳಿಸುವಾಗ ಪಾದ ಹಿಡಿದು ತಿರುಚಬೇಡಿ. ತೊಡೆ, ಮಂಡಿ ಎರಡಕ್ಕೂ ಕೈ ಆಸರೆ ಕೊಡಿ. ಪಾದ ತಿರುಚಿದ್ದಕ್ಕೇ ಮೂಳೆ ಮುರಿದದ್ದುಂಟು. ಅವರಿಗೆ ನೋವು ಗೊತ್ತಾಗುವುದಿಲ್ಲ, ಹಾಗಾಗಿ ಊತ ಅಥವಾ ಬಿಸಿ ಕಂಡರೆ ಎಕ್ಸ್‌ರೇ ತೆಗೆಸಿ.